ಕೊರಳಿನ ಕೊಳವೆಯಿಂದ ರಕ್ತ ಬಂದರೆ: ಮನೆಯವರೂ ಕಾರ್ಯಕರ್ತರೂ ತಿಳಿಯಬೇಕಾದ ಪಾಠ



ಫೆಬ್ರವರಿ 3ರಂದು ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ಬ್ಲೇಸ್ ಅವರ ಹಬ್ಬ. ಗುರುಗಳು ಎರಡು ಮೇಣದ ಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಹಿಡಿದು ನಮ್ಮ ಕೊರಳಿಗೆ ತಾಗಿಸಿ ಆಶೀರ್ವದಿಸುತ್ತಾರೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಉಸಿರು ಕಟ್ಟಿದ್ದ ಬಾಲಕನನ್ನು ಅವರು ಉಳಿಸಿದರೆಂಬುದು ಪರಂಪರೆಯ ಕಥೆ. ಅವರು ವೈದ್ಯರೂ ಆಗಿದ್ದರಂತೆ. ಫೆಬ್ರವರಿ 11 ವಿಶ್ವ ರೋಗಿಗಳ ದಿನ. ಅದನ್ನು 1992ರಲ್ಲಿ ಎರಡನೇ ಜಾನ್ ಪೌಲ್ ಜಗದ್ಗುರುಗಳು ಸ್ಥಾಪಿಸಿದರು. ಈ ಎರಡು ದಿನಗಳ ನೆನಪಿನಲ್ಲಿ ಈ ಸಲದ ಪಾಠವನ್ನು ಕೊರಳಿನ ವಿಷಯಕ್ಕೇ ಇಟ್ಟುಕೊಂಡಿದ್ದೇವೆ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಮೊದಲು ಹೇಳಿಬಿಡುತ್ತೇವೆ.

ನಾವು ನೋಡಿಯೂ ನೋಡದ ಬಟ್ಟೆ

ಪಾಳ್ಯ ಹೋಬಳಿಯ ಒಂದು ತೋಟದ ಲೈನಿನಲ್ಲಿದ್ದ ಒಬ್ಬ ಕೂಲಿಕಾರರು ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತ್ತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು, ಆಮೇಲೆ ಕೊರಳಿಗೆ ತೂತು ಮಾಡಿ ಕೊಳವೆ ಇಟ್ಟರು. ಕಣ್ಣು ಬಿಟ್ಟರು, ಹೆಂಡತಿಯನ್ನು ಗುರುತು ಹಿಡಿದರು. ಕೊಳವೆ ಇಟ್ಟ ಹದಿನಾರನೇ ದಿನ ಮನೆಗೆ ಕಳಿಸಿದರು. ಲೈನಿನವರೆಲ್ಲ ಬಂದು ನೋಡಿ ಸಂತೋಷಪಟ್ಟರು.

ಮನೆಗೆ ಬಂದ ಎರಡನೇ ದಿನ ಕೆಮ್ಮಿದಾಗ ಕೊಳವೆಯಿಂದ ಎರಡು ಮೂರು ಚಮಚದಷ್ಟು ಕೆಂಪು ರಕ್ತ ಬಂತು, ತಾನಾಗಿಯೇ ನಿಂತೂ ಹೋಯಿತು. "ಉಷ್ಣ ಆಗೈತೆ ಅಂದ್ಕಂಡ್ವಿ ಸಿಸ್ಟರೇ. ಮೂಗಿನ ನಳಿಕೇಲಿ ಎಳನೀರು ಬಿಟ್ವಿ" ಎಂದರು ಆ ತಾಯಿ. ಅದೇ ಸಂಜೆ ನಮ್ಮ ಕಾರ್ಯಕರ್ತೆ ಆ ಮನೆಗೆ ಹೋಗಿದ್ದರು. ರಕ್ತದ ಬಟ್ಟೆಯನ್ನು ತೋರಿಸಿದರು, ಅವರು ನೋಡಿದರು. "ಸಕ್ಷನ್ ಪೈಪು ತಾಗಿರಬೇಕು, ನಾಳೆ ನೋಡೋಣ" ಅಂದು ಬಂದರು. ಮರುದಿನ ಬೆಳಗಿನ ಜಾವ ರಕ್ತ ಕೊಳವೆಯಿಂದ ಚಿಮ್ಮಿತು. ಜೀಪು ಡಾಂಬರು ರಸ್ತೆ ಮುಟ್ಟುವ ಮೊದಲೇ ಅವರು ತೀರಿಕೊಂಡರು.

ಆ ಕಾರ್ಯಕರ್ತೆಯನ್ನು ನಾವು ದೂರುವುದಿಲ್ಲ. ಇಂಥ ರಕ್ತಕ್ಕೆ ಏನರ್ಥ ಎಂದು ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟೇ ಇರಲಿಲ್ಲ. ತಪ್ಪು ನಮ್ಮದು. ಆ ತಪ್ಪು ಮತ್ತೊಂದು ಮನೆಯಲ್ಲಿ ಆಗಬಾರದೆಂದು ಈ ಪಾಠ.

1. ಟ್ರಕಿಯಾಸ್ಟಮಿ ಎಂದರೇನು?

ಕೊರಳಿನ ಮುಂಭಾಗದಲ್ಲಿ ಗಂಟಲ ಗಂಟಿನ ಕೆಳಗೆ ಸಣ್ಣ ತೂತು ಮಾಡಿ, ಶ್ವಾಸನಾಳಕ್ಕೆ ನೇರವಾಗಿ ಕೊಳವೆ ಇಡುವುದಕ್ಕೆ ಟ್ರಕಿಯಾಸ್ಟಮಿ ಎನ್ನುತ್ತಾರೆ. ರೋಗಿ ಆಮೇಲೆ ಮೂಗು ಬಾಯಿಗಳಿಂದಲ್ಲದೆ ಈ ಕೊಳವೆಯಿಂದ ಉಸಿರಾಡುತ್ತಾರೆ.

ನಮ್ಮ ಕಡೆ ಇದು ಯಾರಿಗೆ ಬೇಕಾಗುತ್ತದೆ? ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ಅಪಘಾತವಾಗಿ ತಲೆಗೆ ಪೆಟ್ಟಾದವರಿಗೆ, ಸಿಲ್ವರ್ ಓಕ್ ಮರದಿಂದಲೋ ಏಣಿಯಿಂದಲೋ ಬಿದ್ದು ಕತ್ತಿನ ಮೂಳೆ ಮುರಿದವರಿಗೆ, ಆನೆ ತುಳಿತಕ್ಕೆ ಸಿಕ್ಕಿ ಬದುಕಿದವರಿಗೆ, ಕೀಟನಾಶಕದ ವಿಷ ಒಳಗೆ ಹೋದವರಿಗೆ, ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯು ಸೋತವರಿಗೆ. ಇವರೆಲ್ಲ ಬಹಳ ದಿನ ವೆಂಟಿಲೇಟರಿನಲ್ಲಿ ಇರಬೇಕಾಗಿ ಬಂದರೆ ವೈದ್ಯರು ಕೊರಳಿನ ಕೊಳವೆಗೆ ಬದಲಾಯಿಸುತ್ತಾರೆ. 2020-21ರ ಕೋವಿಡ್ ಕಾಲದಲ್ಲೂ ಹಲವರಿಗೆ ಹೀಗೆ ಮಾಡಬೇಕಾಯಿತು. ಕಡ್ಡಿಪುಡಿ, ಬೀಡಿ, ಹೊಗೆಸೊಪ್ಪಿನಿಂದ ಬಾಯಿ-ಗಂಟಲ ಕ್ಯಾನ್ಸರ್ ಆಗಿ ಉಸಿರಿನ ದಾರಿ ಮುಚ್ಚಿದವರಿಗೂ ಕೊಳವೆಯೇ ಆಸರೆ.

ಕೊಳವೆಗಳಲ್ಲಿ ಎರಡು ಬಗೆ. ಒಂದು ಪ್ಲಾಸ್ಟಿಕ್ಕಿನದು. ಅದರ ಒಳತುದಿಯ ಬಳಿ ಗಾಳಿ ತುಂಬುವ ಬಲೂನು ಇರಬಹುದು, ಇದಕ್ಕೆ ಕಫ್ ಅನ್ನುತ್ತಾರೆ. ಇನ್ನೊಂದು ಲೋಹದ್ದು. ಅದಕ್ಕೆ ಬಲೂನು ಇರುವುದಿಲ್ಲ, ಒಳಗೊಂದು ಹೊರಗೊಂದು ಕೊಳವೆ ಇರುತ್ತದೆ, ಒಳಗಿನದನ್ನು ತೆಗೆದು ತೊಳೆಯಬಹುದು. ನಿಮ್ಮ ಮನೆಯ ರೋಗಿಗೆ ಯಾವ ಬಗೆ, ಎಷ್ಟನೇ ಸೈಜು ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಕೊಳವೆ ಇಟ್ಟ ತಾರೀಖನ್ನೂ ಬರೆಯಿರಿ. ಅದು ಯಾಕೆ ಮುಖ್ಯ ಎಂದು ಮುಂದೆ ಗೊತ್ತಾಗುತ್ತದೆ.

2. ರಕ್ತ ಯಾಕೆ ಬರುತ್ತದೆ?

ಕೊಳವೆ ಇಟ್ಟ ಮೊದಲ ಎರಡು ದಿನ ಗಾಯದಿಂದ ಸ್ವಲ್ಪ ರಕ್ತ ಒಸರಬಹುದು. ಕೊರಳಿನ ಸಣ್ಣ ರಕ್ತನಾಳವೋ ಥೈರಾಯ್ಡ್ ಗ್ರಂಥಿಯ ಅಂಚೋ ಕೊಯ್ದ ಕಡೆ ಜಿನುಗಿರುತ್ತದೆ. ಆಗ ರೋಗಿ ಆಸ್ಪತ್ರೆಯಲ್ಲೇ ಇರುವುದರಿಂದ ವೈದ್ಯರು ಒತ್ತಿ, ಹೊಲಿದು, ಬೇಕಾದರೆ ಸುಟ್ಟು ನಿಲ್ಲಿಸುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆ (ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್) ತಿನ್ನುವವರಲ್ಲಿ ಇದು ಹೆಚ್ಚು. ಈ ಗುಳಿಗೆಗಳ ವಿಷಯ ವೈದ್ಯರಿಗೆ ತಪ್ಪದೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಆಮೇಲಿನ ದಿನಗಳಲ್ಲಿ ರಕ್ತ ಬರಲು ಹಲವು ಕಾರಣಗಳು: ಸಕ್ಷನ್ ಪೈಪು ಒಳಗಿನ ಮೃದು ಪೊರೆಗೆ ತಾಗುವುದು, ಒಣಗಾಳಿಯಿಂದ ಪೊರೆ ಬಿರಿಯುವುದು, ಸೋಂಕು, ತೂತಿನ ಸುತ್ತ ಹೆಚ್ಚುವರಿ ಮಾಂಸ ಬೆಳೆಯುವುದು. ಇವು ಹೆಚ್ಚಾಗಿ ಕಾಣುವಂಥವು, ವಾಸಿಯಾಗುವಂಥವು.

ಆದರೆ ಒಂದು ಕಾರಣ ಮಾತ್ರ ಪ್ರಾಣಕ್ಕೇ ಎರವು. ಎದೆಮೂಳೆಯ ಮೇಲ್ತುದಿಯ ಹಿಂದೆ, ಶ್ವಾಸನಾಳದ ಮುಂದೆ ಅಡ್ಡಲಾಗಿ ಒಂದು ದೊಡ್ಡ ಧಮನಿ ಹೋಗುತ್ತದೆ. ಹೃದಯದ ಮಹಾಧಮನಿಯಿಂದ ಹೊರಟು ಬಲಗೈಗೂ ತಲೆಯ ಬಲಭಾಗಕ್ಕೂ ರಕ್ತ ಒಯ್ಯುವ ಇದರ ಹೆಸರು ಇನ್ನಾಮಿನೇಟ್ ಧಮನಿ. ಕೊಳವೆಯ ತುದಿ ಅಥವಾ ಬಿಗಿಯಾಗಿ ಊದಿದ ಬಲೂನು ಶ್ವಾಸನಾಳದ ಮುಂಗೋಡೆಯನ್ನು ಉಜ್ಜುತ್ತಾ ಇದ್ದರೆ ಗೋಡೆ ಸವೆದು, ಅದರಾಚೆಗಿನ ಧಮನಿಯೂ ಸವೆಯುತ್ತದೆ. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಕಲ್ಲಿನ ಅಂಚಿಗೆ ಉಜ್ಜಿ ಉಜ್ಜಿ ಒಂದು ದಿನ ಒಡೆಯುವುದನ್ನು ನೋಡಿದ್ದೀರಲ್ಲ, ಹಾಗೇ. ಮೊದಲು ಹನಿ, ಆಮೇಲೆ ಚಿಲುಮೆ.

ಶ್ವಾಸನಾಳದಲ್ಲಿ ಉಂಗುರಗಳಂಥ ಮೆದುಮೂಳೆಗಳಿವೆ. ಸಾಮಾನ್ಯವಾಗಿ ಎರಡು, ಮೂರು, ನಾಲ್ಕನೇ ಉಂಗುರದ ಮಟ್ಟದಲ್ಲಿ ಕೊಳವೆ ಇಡುತ್ತಾರೆ. ಧಮನಿ ಹೆಚ್ಚಿನವರಲ್ಲಿ ಒಂಬತ್ತನೇ ಉಂಗುರದ ಸುಮಾರಿಗೆ ದಾಟುತ್ತದೆ. ಕೆಲವರಲ್ಲಿ ಅದು ಇನ್ನೂ ಮೇಲೆ ಇರುತ್ತದೆ. ತೂತು ತೀರಾ ಕೆಳಗಾದರೆ, ಕತ್ತು ಯಾವಾಗಲೂ ಹಿಂದಕ್ಕೆ ಬಾಗಿದ್ದರೆ, ಕೊಳವೆಯನ್ನು ಯಂತ್ರದ ಪೈಪು ಎಳೆಯುತ್ತಿದ್ದರೆ ಅಪಾಯ ಹೆಚ್ಚು.

1879ರಲ್ಲೇ ಕ್ಯೋರ್ಟೆ ಎಂಬ ವೈದ್ಯರು ಇಂಥ ಸಾವನ್ನು ದಾಖಲಿಸಿದ್ದರು. ಗಂಟಲಮಾರಿಗೆ ಕೊಳವೆ ಇಟ್ಟಿದ್ದ ಐದು ವರ್ಷದ ಮಗುವಿನದು ಆ ಸಾವು. ಇದು ಅಪರೂಪದ ತೊಂದರೆ. ಕೊಳವೆ ಇಟ್ಟ ಸಾವಿರ ಜನರಲ್ಲಿ ಒಬ್ಬರಿಂದ ಹತ್ತು ಜನರಿಗೆ ಆಗಬಹುದು ಎಂದು ಲೆಕ್ಕ. ಆದರೆ ಆದವರಲ್ಲಿ ಶಸ್ತ್ರಚಿಕಿತ್ಸೆ ಸಿಗದೆ ಬದುಕಿದವರು ಇಲ್ಲವೆಂದೇ ಹೇಳಬೇಕು.

3. ಎಚ್ಚರಿಕೆಯ ಗಂಟೆ

ಈಗ ಪಾಠದ ಅತಿ ಮುಖ್ಯ ಭಾಗ. ಧಮನಿ ಪೂರ್ತಿ ಒಡೆಯುವ ಮೊದಲು ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಒಂದು ಸಣ್ಣ ರಕ್ತಸ್ರಾವ ಆಗುತ್ತದೆ. ಗಂಟೆಗಳ ಮೊದಲು ಆಗಬಹುದು, ಒಂದೆರಡು ದಿನಗಳ ಮೊದಲೂ ಆಗಬಹುದು. ಅದು ತಾನಾಗಿಯೇ ನಿಲ್ಲುತ್ತದೆ. ನಿಂತಿತಲ್ಲ ಎಂದು ಎಲ್ಲರೂ ಉಸಿರು ಬಿಡುತ್ತಾರೆ. ನಿಂತದ್ದು ಗುಣವಾದ ಗುರುತಲ್ಲ. ಧಮನಿಯ ಬಾಯಿಗೆ ಹೆಪ್ಪು ಕೂತಿದೆ, ಅಷ್ಟೇ. ಒಂದು ಕೆಮ್ಮಿಗೆ ಅದು ಕಳಚಬಹುದು.

ಇಂಥ ತೊಂದರೆಯ ನಾಲ್ಕರಲ್ಲಿ ಮೂರು ಪಾಲು ಕೊಳವೆ ಇಟ್ಟ ಮೊದಲ ಮೂರು ವಾರಗಳಲ್ಲೇ ಆಗುತ್ತದೆ. ಅದರಲ್ಲೂ ಎರಡನೇ ವಾರದಲ್ಲಿ ಹೆಚ್ಚು. ತಿಂಗಳುಗಳ ನಂತರ ಆದದ್ದೂ ಉಂಟು. ತಾರೀಖು ಬರೆದಿಡಿ ಎಂದದ್ದು ಇದಕ್ಕೇ.

ನೆನಪಿಡಿ:
• ಕೊಳವೆ ಇಟ್ಟು ಎರಡು ದಿನ ಕಳೆದ ಮೇಲೆ ಎರಡು ಟೀ ಚಮಚ (10 ಮಿಲಿ) ಅಥವಾ ಹೆಚ್ಚು ತಾಜಾ ರಕ್ತ ಬಂದರೆ, ಬೇರೆ ಕಾರಣ ಸಾಬೀತಾಗುವ ತನಕ ಅದನ್ನು ಧಮನಿಯ ರಕ್ತವೆಂದೇ ತಿಳಿಯಬೇಕು.
• ನಾಡಿ ಬಡಿದ ಹಾಗೆ ಕೊಳವೆಯೂ ಮಿಡಿಯುತ್ತಿದ್ದರೆ ಅದೂ ಅಪಾಯದ ಗುರುತು.
• ಕಫದಲ್ಲಿ ಕೆಂಪು ಗೆರೆ ಮಾತ್ರ ಇದ್ದರೆ ಸಕ್ಷನ್ ಮೆಲ್ಲಗೆ ಮಾಡಿ, ತೇವ ಕೊಡಿ, ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ. ಮತ್ತೆ ಬಂದರೆ, ಹೆಚ್ಚಾದರೆ ಹೊರಡಿ.
• ಅಳತೆ ಗೊತ್ತಾಗದಿದ್ದರೆ ಹೆಚ್ಚೆಂದೇ ಎಣಿಸಿ. ರಕ್ತದ ಬಟ್ಟೆಯನ್ನು ತೊಳೆಯಬೇಡಿ, ಕವರಿನಲ್ಲಿ ಹಾಕಿ ವೈದ್ಯರಿಗೆ ತೋರಿಸಿ.

"ಉಷ್ಣ" ಎಂಬ ಮಾತನ್ನು ಈ ವಿಷಯದಲ್ಲಿ ಮಾತ್ರ ಬಿಟ್ಟುಬಿಡೋಣ. ಎಳನೀರಿನಿಂದಲೋ ಸೊಗದೇ ಬೇರಿನಿಂದಲೋ ಧಮನಿ ಮುಚ್ಚುವುದಿಲ್ಲ.

4. ರಕ್ತ ಚಿಮ್ಮಿದಾಗ ಮನೆಯಲ್ಲಿ ಏನು ಮಾಡಬೇಕು?

ಇಂಥ ಹೊತ್ತಿನಲ್ಲಿ ಜೀವ ಎರಡು ದಾರಿಯಲ್ಲಿ ಹೋಗುತ್ತದೆ: ರಕ್ತ ಹೊರಗೆ ಸುರಿದು, ಮತ್ತು ರಕ್ತ ಒಳಗೆ ಇಳಿದು ಉಸಿರು ಕಟ್ಟಿ. ಎರಡನ್ನೂ ತಡೆಯಬೇಕು. ಒಬ್ಬರು ಫೋನು, ಇನ್ನೊಬ್ಬರು ರೋಗಿ ಎಂದು ಹಂಚಿಕೊಳ್ಳಿ.

ಅ. 108ಕ್ಕೆ ಕರೆ ಮಾಡಿ. ಹೀಗೆ ಹೇಳಿ: "ಕೊರಳಲ್ಲಿ ಕೊಳವೆ ಇರೋ ರೋಗಿ, ಕೊಳವೆಯಿಂದ ರಕ್ತ ಸುರೀತಿದೆ, ಆಕ್ಸಿಜನ್ನೂ ಸಕ್ಷನ್ನೂ ಬೇಕು." ಆಂಬುಲೆನ್ಸ್ ತಡವಾಗುವಂತಿದ್ದರೆ ಜೀಪೋ ಪಿಕಪ್ಪೋ ಸಿಕ್ಕಿದ್ದರಲ್ಲಿ ಎದುರಿಗೆ ಹೊರಡಿ. ಎಲ್ಲಿ ಭೇಟಿ ಎಂದು ಫೋನಿನಲ್ಲಿ ಗೊತ್ತು ಮಾಡಿಕೊಳ್ಳಿ.

ಆ. ಕೊಳವೆಯನ್ನು ಕಿತ್ತು ತೆಗೆಯಬೇಡಿ. ಉಸಿರಿಗೆ ಇರುವ ದಾರಿ ಅದೇ. ಲೋಹದ ಕೊಳವೆಯಾದರೆ ಒಳಕೊಳವೆಯನ್ನು ಮಾತ್ರ ತೆಗೆದು ಹೆಪ್ಪು ತೊಳೆದು ಮತ್ತೆ ಹಾಕಿ. ಸಕ್ಷನ್ ಇದ್ದರೆ ಕೊಳವೆಯೊಳಗಿನ ರಕ್ತ ತೆಗೆಯುತ್ತಾ ಇರಿ.

ಇ. ಎಚ್ಚರವಿದ್ದರೆ ಒರಗಿಸಿ ಕೂರಿಸಿ. ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ರಕ್ತ ಹೊರಗೆ ಹರಿಯಲಿ. ಕತ್ತಿಗೆ ಪೆಟ್ಟಾದವರಾದರೆ ತಲೆಯನ್ನೂ ಮೈಯನ್ನೂ ಒಟ್ಟಿಗೇ ಹೊರಳಿಸಬೇಕು.

ಈ. ಬಲೂನಿನ ಕೊಳವೆಯಾದರೆ, ಹೊರಗೆ ನೇತಾಡುವ ಪುಟ್ಟ ಬಲೂನಿನ ಬಾಯಿಗೆ ಸಿರಿಂಜು ಚುಚ್ಚಿ ನಿಧಾನವಾಗಿ ಹೆಚ್ಚು ಗಾಳಿ ತುಂಬಿ. ಒಳಗಿನ ಬಲೂನು ಉಬ್ಬಿ ಧಮನಿಯ ತೂತನ್ನು ಒತ್ತುತ್ತದೆ. ಕೊಳವೆಯ ಸೈಜಿನ ಮೇಲೆ 10ರಿಂದ 35 ಮಿಲಿ ಗಾಳಿ ಹಿಡಿಯಬಹುದು. ಒಡೆಯುವಷ್ಟು ತುಂಬಬೇಡಿ. ರಕ್ತ ನಿಂತರೆ ಗಾಳಿ ತೆಗೆಯಬೇಡಿ, ಹಾಗೇ ಆಸ್ಪತ್ರೆಗೆ ಒಯ್ಯಿರಿ. ವರದಿಯಾದ ರೋಗಿಗಳಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಈ ಒಂದು ಉಪಾಯ ತಾತ್ಕಾಲಿಕವಾಗಿ ರಕ್ತ ನಿಲ್ಲಿಸಿದೆ. ಇದು ಪ್ರಾಣ ಹೋಗುವಂಥ ರಕ್ತಸ್ರಾವಕ್ಕೆ ಮಾತ್ರ. ಡಿಸ್ಚಾರ್ಜ್ ಆಗುವ ಮೊದಲೇ ನರ್ಸಮ್ಮನ ಎದುರಿಗೆ ಹೇಗೆ ಮಾಡುವುದೆಂದು ಕೇಳಿ ಕಲಿಯಿರಿ.

ಉ. ಬಲೂನಿಲ್ಲದ ಕೊಳವೆಯಾದರೆ, ಅಥವಾ ಗಾಳಿ ತುಂಬಿಯೂ ನಿಲ್ಲದಿದ್ದರೆ, ಎದೆಮೂಳೆಯ ಮೇಲ್ತುದಿಯಲ್ಲಿ ಬೆರಳಿಗೆ ಸಿಗುವ ಗುಳಿಯನ್ನು ಹೊರಗಿನಿಂದ ಬೆರಳಲ್ಲಿ ಗಟ್ಟಿಯಾಗಿ ಒಳಕ್ಕೆ ಒತ್ತಿ ಹಿಡಿಯಿರಿ. ಆಸ್ಪತ್ರೆ ಬರುವ ತನಕ ಬೆರಳು ತೆಗೆಯಬೇಡಿ, ಸೋತರೆ ಇನ್ನೊಬ್ಬರು ಹಿಡಿಯಲಿ.

ಊ. ಬಾಯಿಗೆ ನೀರು, ಹಾಲು, ಔಷಧಿ ಯಾವುದನ್ನೂ ಹಾಕಬೇಡಿ.

5. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಇದನ್ನು ತಿಳಿದಿದ್ದರೆ ಸಹಿ ಹಾಕುವಾಗ ಗಾಬರಿಯಾಗುವುದಿಲ್ಲ. ವೈದ್ಯರು ಮೊದಲು ಉಸಿರಿನ ದಾರಿ ಭದ್ರ ಮಾಡುತ್ತಾರೆ. ಬಲೂನಿನಿಂದ ರಕ್ತ ನಿಲ್ಲದಿದ್ದರೆ ಬಾಯಿಯ ಮೂಲಕ ಬೇರೆ ಕೊಳವೆ ಇಳಿಸಿ, ಕೊರಳಿನ ತೂತಿನಿಂದ ಬೆರಳು ಹಾಕಿ ಧಮನಿಯನ್ನು ಎದೆಮೂಳೆಯ ಹಿಂಬದಿಗೆ ಒತ್ತಿ ಹಿಡಿಯುತ್ತಾರೆ. 1972ರಲ್ಲಿ ಉಟ್ಲಿ ಎಂಬ ಶಸ್ತ್ರವೈದ್ಯರು ಮತ್ತು ಸಂಗಡಿಗರು ವಿವರಿಸಿದ ಕ್ರಮ ಇದು. ಆ ಬೆರಳು ಹಾಗೇ ಇರುವಂತೆಯೇ ರೋಗಿಯನ್ನು ಆಪರೇಷನ್ ಥಿಯೇಟರಿಗೆ ಒಯ್ಯುತ್ತಾರೆ. ಅಲ್ಲಿ ಎದೆ ತೆರೆದು ಹಾಳಾದ ಧಮನಿಯನ್ನು ಕಟ್ಟಿಬಿಡುತ್ತಾರೆ. ಕೆಲವು ಕಡೆ ರಕ್ತನಾಳದ ಒಳಗಿನಿಂದಲೇ ಸ್ಟೆಂಟ್ ಇಡುವುದೂ ಉಂಟು. ತುಂಬ ರಕ್ತ ಬೇಕಾಗುತ್ತದೆ. ನಮ್ಮ ಯುವಜನರ ರಕ್ತದಾನದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ರಕ್ತ ಸಣ್ಣದಾಗಿ ನಿಂತಿದ್ದರೆ ಕ್ಯಾಮೆರಾ ಇಳಿಸಿ ಒಳಗೆ ನೋಡುತ್ತಾರೆ, ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಈ ಹಂತದಲ್ಲಿ ಸಿಕ್ಕಿದರೆ ಬದುಕುವ ಅವಕಾಶ ಎಷ್ಟೋ ಹೆಚ್ಚು.

ಎದೆಯ ಶಸ್ತ್ರಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಉಸಿರು ಭದ್ರ ಮಾಡಿಸಿ, ಅಲ್ಲಿಂದಲೇ ಮುಂದಿನ ಆಸ್ಪತ್ರೆಗೆ ಫೋನು ಮಾಡಿಸಿ ಹೊರಡಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಮಂಗಳೂರಿಗೆ ಘಾಟಿ ಇಳಿಯಬೇಕು. 2024ರ ಜುಲೈಯಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ನೆನಪಿರಲಿ. ಮಳೆಗಾಲದಲ್ಲಿ ಘಾಟಿಯನ್ನು ನಂಬಿ ಕೂರಬೇಡಿ, ರಸ್ತೆ ತೆರೆದಿದೆಯೇ ಎಂದು ಕೇಳಿ ಹೊರಡಿ. ಕೊಳವೆ ಇಟ್ಟು ಇನ್ನೂ ಮೂರು ವಾರ ಆಗದ ರೋಗಿಯನ್ನು ಮಳೆಗಾಲದಲ್ಲಿ ಒಳತೋಟದ ಲೈನಿಗೆ ಕರೆತರುವ ಬದಲು, ಹಾಸನದಲ್ಲೋ ಆಲೂರಿನಲ್ಲೋ ನೆಂಟರ ಮನೆ ಇದ್ದರೆ ಕೆಲವು ದಿನ ಅಲ್ಲಿ ಇರಿಸುವುದು ಜಾಣತನ.

ಹಣದ ಚಿಂತೆಯಿಂದ ತಡ ಮಾಡಬೇಡಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡು, ಆಧಾರ್, ಡಿಸ್ಚಾರ್ಜ್ ಚೀಟಿ ಒಂದೇ ಚೀಲದಲ್ಲಿ ಬಾಗಿಲ ಬಳಿ ನೇತುಹಾಕಿ.

6. ಬರದಂತೆ ನೋಡಿಕೊಳ್ಳುವುದು

• ಸಕ್ಷನ್ ಪೈಪು ಕೊಳವೆಯ ಒಳಗಲಕ್ಕಿಂತ ಅರ್ಧ ದಪ್ಪ ಇದ್ದರೆ ಸಾಕು. ಕೊಳವೆಯ ಉದ್ದದಷ್ಟೇ ಇಳಿಸಿ, ಹೆಚ್ಚೆಂದರೆ ಅರ್ಧ ಇಂಚು ಆಚೆ. ಇಳಿಸುವಾಗ ಎಳೆತ ಬೇಡ, ಹೊರಗೆ ತೆಗೆಯುವಾಗ ಮಾತ್ರ. ಒಂದು ಸಲಕ್ಕೆ ಹತ್ತು ಸೆಕೆಂಡು. ಯಂತ್ರದ ಮುಳ್ಳು 120 ದಾಟದಿರಲಿ.
• ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿರಬೇಕು. ಇದನ್ನು ಅಳೆಯುವ ಮೀಟರು ಆಸ್ಪತ್ರೆಯಲ್ಲಿದೆ. ಪ್ರತಿ ಭೇಟಿಯಲ್ಲೂ ಅಳೆಸಿ. ಇನ್ನು ಬಲೂನು ಬೇಕೇ ಎಂದೂ ಕೇಳಿ.
• ಕೊಳವೆಯ ಬಾಯಿಗೆ ತೇವದ ತೆಳು ಬಟ್ಟೆ ಇರಲಿ. ಒಲೆಯ ಹೊಗೆ, ಕಾಫಿ ಕಣದ ಧೂಳು ತಾಗದಿರಲಿ.
• ಕೊಳವೆ ಎಳೆದಾಡದಂತೆ ದಾರ ಕಟ್ಟಿ. ದಾರದ ಒಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಸಾಕು.
• ಹಾಸಿಗೆಯ ಬಳಿ ಇರಬೇಕಾದವು: ಅದೇ ಸೈಜಿನ ಒಂದು ಕೊಳವೆ, ಒಂದು ಸೈಜು ಸಣ್ಣದು ಇನ್ನೊಂದು, ದೊಡ್ಡ ಸಿರಿಂಜು, ಕತ್ತರಿ, ಟಾರ್ಚು, ಕಾಲಿನಿಂದ ಒತ್ತುವ ಸಕ್ಷನ್. ಕರೆಂಟು ಹೋದಾಗ ವಿದ್ಯುತ್ ಯಂತ್ರವನ್ನು ನಂಬುವಂತಿಲ್ಲ.

7. ಇನ್ನು ಚಿಕಿತ್ಸೆಯಿಲ್ಲ ಎಂದಾಗ

ಮುಂದುವರಿದ ಗಂಟಲ ಕ್ಯಾನ್ಸರಿನವರಲ್ಲಿ, ಅದರಲ್ಲೂ ರೇಡಿಯೇಷನ್ ಪಡೆದವರಲ್ಲಿ, ಕೊರಳ ಪಕ್ಕದ ದೊಡ್ಡ ಧಮನಿಯೂ ಒಡೆಯಬಹುದು. ಇನ್ನು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರೆ ಮನೆಯವರ ಕೆಲಸ ಬೇರೆ. ಕಡುಕೆಂಪು ಅಥವಾ ಕಪ್ಪು ಬಣ್ಣದ ಟವಲುಗಳನ್ನು ಹತ್ತಿರ ಇಡಿ, ರಕ್ತದ ಬಣ್ಣ ಎದ್ದು ಕಂಡು ರೋಗಿ ಬೆದರುವುದಿಲ್ಲ. ವೈದ್ಯರು ಕೊಟ್ಟ ನೋವಿನ, ನಿದ್ದೆಯ ಔಷಧಿ ಎಲ್ಲಿದೆಯೆಂದು ತಿಳಿದಿರಿ. ಕೈ ಹಿಡಿದು ಕೂರಿ, ಒಬ್ಬಂಟಿ ಬಿಡಬೇಡಿ. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಕೊನೆ ಗಳಿಗೆಯ ತನಕ ಕಾಯದೆ, ಎಚ್ಚರವಿರುವಾಗಲೇ ಗುರುಗಳನ್ನು ಕರೆಸಿ. ಬೇರೆ ಧರ್ಮದವರ ಮನೆಯಾದರೆ ಅವರ ನಂಬಿಕೆಯಂತೆ ನಡೆಯಲು ಜೊತೆಗಿರಿ.

ಕೊನೆಯ ಮಾತು

ಆ ಸಾವಿನ ನಂತರ ನಾವು ಈ ಪಾಠವನ್ನು ಬಾಯಿಮಾತಿನಲ್ಲಿ ಹೇಳಲು ಶುರು ಮಾಡಿದೆವು. ಇನ್ನೊಂದು ಊರಿನಲ್ಲಿ ಒಬ್ಬ ಅಜ್ಜಿಯ ಕೊಳವೆಯಿಂದ ರಾತ್ರಿ ಎರಡು ಚಮಚ ರಕ್ತ ಬಂತು. ಮಗಳು ಬೆಳಗಾಗಲಿ ಎನ್ನದೆ ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಹೊರಟಳು. ಕ್ಯಾಮೆರಾ ಇಳಿಸಿ ನೋಡಿದರೆ ತೂತಿನ ಬಳಿ ಹೆಚ್ಚುವರಿ ಮಾಂಸ ಬೆಳೆದಿತ್ತು, ಧಮನಿಗೆ ಏನೂ ಆಗಿರಲಿಲ್ಲ. ಅದನ್ನು ಸುಟ್ಟು ಕಳಿಸಿದರು. "ಸುಮ್ನೆ ಓಡಿ ಹೋದ್ನೇನೋ ಸಿಸ್ಟರೇ, ಬಾಡಿಗೆ ದಂಡ" ಎಂದು ಆಕೆ ಸಂಕೋಚಪಟ್ಟಳು. ದಂಡ ಅಲ್ಲ ತಾಯಿ. ಇಂಥ ಹತ್ತು ಓಟ ಸುಮ್ಮನೆ ಆಗಲಿ, ಹನ್ನೊಂದನೆಯದು ಒಂದು ಜೀವ ಉಳಿಸುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಿ:
1. ನಮ್ಮ ಊರಿನಲ್ಲಿ ಕೊರಳಿಗೆ ಕೊಳವೆ ಇರುವವರು ಯಾರಾದರೂ ಇದ್ದಾರೆಯೇ? ಅವರ ಮನೆಯವರಿಗೆ ಈ ಪಾಠ ಓದಿ ಹೇಳುವವರು ಯಾರು?
2. ರಾತ್ರಿ ಹೊತ್ತು ಕರೆದರೆ ಬರುವ ವಾಹನ ಯಾರದು? ಅವರ ನಂಬರು ಎಲ್ಲರ ಬಳಿ ಇದೆಯೇ?
3. ನಮ್ಮ ಲೈನಿನಲ್ಲಿ ಫೋನಿನ ಸಿಗ್ನಲ್ ಎಲ್ಲಿ ಸಿಗುತ್ತದೆ? ಅಲ್ಲಿಗೆ ಓಡುವವರು ಯಾರು?
4. ನಮ್ಮಲ್ಲಿ ರಕ್ತ ಕೊಡಲು ಸಿದ್ಧರಿರುವವರ ಹೆಸರು, ರಕ್ತದ ಗುಂಪು ಬರೆದಿಟ್ಟಿದ್ದೇವೆಯೇ?

ಈ ಹಾಳೆಯನ್ನು ಓದಿ ಮಡಚಿಡಬೇಡಿ. ಬೇಕಾದ ಮನೆಗೆ ಇಂದೇ ತಲುಪಿಸಿ.